ರೂಪಭಂಗದ ವಿದ್ಯೆ

ಯಂತ್ರವು ಕೆಡದೆ ನಡೆಯುವವರೆಗೆ ಅದು ಹೇಗೆ ನಡೆಯುತ್ತಿದೆಯೆಂದು ವಿಚಾರಿಸುವ ಗೋಜಿಗೆ ನಾವು ಹೋಗುವುದಿಲ್ಲ. ಟಿ.ವಿ. ತೆರೆಯ ಮೇಲೆ ವಾರ್ತೆ ಓದುವವರ ಮುಖ ನಿಚ್ಚಳವಾಗಿರುವಷ್ಟು ಕಾಲ ನಮಗೆ ಮುಖವೊಂದೇ ಕಾಣುತ್ತದೆ, ತೆರೆ ಕಾಣುವುದಿಲ್ಲ. ಮಳೆ ಜೋರಾಗಿ ಡಿಶ್‌ಗೆ ಬರುವ ಸಂಕೇತ ಕ್ಷೀಣಿಸಿ, ಆ ಮುಖ ಚೌಕಚೌಕವಾಗಿ ಒಡೆದು, ಕೆನ್ನೆಯ ತುಂಡೊಂದು ಹಣೆಯ ಮೇಲೆ ಸ್ತಬ್ಧವಾಗಿ ನಿಂತಾಗಲಷ್ಟೇ, ಇಷ್ಟು ಹೊತ್ತು ನಾವು ನೋಡುತ್ತಿದ್ದುದು ಲೆಕ್ಕದಿಂದ ಕಟ್ಟಿದ ಒಂದು ರಚನೆಯೆಂಬ ಅರಿವು ಮಿಂಚಿ ಮರೆಯಾಗುತ್ತದೆ. ಬಹುಜನರು ಬೇಸರದಿಂದ ಮುಖ ತಿರುಗಿಸುವ ಆ ಕ್ಷಣವನ್ನೇ ಹಿಡಿದು ನಿಲ್ಲಿಸಿ, ಅದರಲ್ಲಿ ಸೌಂದರ್ಯವನ್ನೂ ಜ್ಞಾನವನ್ನೂ ಅರಸುವ ಕಲೆಯೊಂದು ಈಚಿನ ದಶಕಗಳಲ್ಲಿ ಬೆಳೆದು ಬಂದಿದೆ. ಅದಕ್ಕೆ ಗ್ಲಿಚ್ ಕಲೆಯೆಂದು ಹೆಸರು.

ಗಣಕಯಂತ್ರಗಳು ಮನೆಮನೆಗೆ ಬರುವುದಕ್ಕೆ ಬಹಳ ಮೊದಲೇ ಇದರ ಬೀಜ ಬಿದ್ದಿತ್ತು. ಕೊರಿಯದಲ್ಲಿ ಹುಟ್ಟಿ, ಜಪಾನಿನಲ್ಲಿಯೂ ಜರ್ಮನಿಯಲ್ಲಿಯೂ ವ್ಯಾಸಂಗ ಮಾಡಿ, ಅಮೆರಿಕದಲ್ಲಿ ನೆಲೆಸಿದ ನಾಮ್ ಜುನ್ ಪೈಕ್ ಅವರು 1965ರಲ್ಲಿ ಒಂದು ಟಿ.ವಿ. ಪೆಟ್ಟಿಗೆಯ ನೆತ್ತಿಯ ಮೇಲೆ ಕುದುರೆಲಾಳದ ಆಕಾರದ ದೊಡ್ಡ ಅಯಸ್ಕಾಂತವನ್ನಿಟ್ಟರು. ಅಂದಿನ ಟಿ.ವಿ.ಯಲ್ಲಿ ಚಿತ್ರವನ್ನು ಬರೆಯುತ್ತಿದ್ದುದು ಗಾಜಿನ ಕೊಳವೆಯೊಳಗಿನ ಇಲೆಕ್ಟ್ರಾನುಗಳ ಧಾರೆ. ಅಯಸ್ಕಾಂತದ ಸೆಳೆತಕ್ಕೆ ಸಿಕ್ಕಿ ಧಾರೆ ಬಾಗಲು, ಪ್ರಸಾರದ ಚಿತ್ರವಿರಬೇಕಾದಲ್ಲಿ ಬಳುಕುವ ಬೆಳಕಿನ ರೇಖೆಗಳು ಮೂಡಿದುವು. ಅಯಸ್ಕಾಂತವನ್ನು ಸರಿಸಿದಂತೆಲ್ಲ ಆಕೃತಿಯೂ ಮಾರ್ಪಟ್ಟಿತು. ಯಾರೋ ಕಳುಹಿಸಿದ್ದನ್ನು ಸುಮ್ಮನೆ ಕುಳಿತು ನೋಡುವುದಕ್ಕೆಂದೇ ಇದ್ದ ಪೆಟ್ಟಿಗೆ ಹೀಗೆ ನೋಡುವವನ ಕೈಗೆ ಒದಗುವ ಉಪಕರಣವಾಯಿತು. ಮುಂದೆ 1978ರಲ್ಲಿ ಜೇಮಿ ಫೆಂಟನ್ ಮತ್ತು ಸಂಗಡಿಗರು ವಿಡಿಯೊ ಆಟದ ಯಂತ್ರವೊಂದನ್ನು ಗುದ್ದಿ, ಆಟದ ಕಾರ್ಟ್ರಿಡ್ಜ್ ನಡುವೆಯೇ ಹೊರಚಿಮ್ಮಿದಾಗ ತೆರೆಯ ಮೇಲೆ ಚೆಲ್ಲಿದ ಆಕೃತಿಗಳಿಂದ ‘ಡಿಜಿಟಲ್ ಟಿ.ವಿ. ಡಿನ್ನರ್’ ಎಂಬ ಕಿರುಚಿತ್ರವನ್ನು ರಚಿಸಿದರು.

ಈ ಕಲೆಯನ್ನು ಇಂದು ಕಲಿಯಲು ಅಯಸ್ಕಾಂತವಾಗಲಿ ಮುಷ್ಟಿಯಾಗಲಿ ಬೇಕಿಲ್ಲ. ನಮ್ಮ ಮೊಬೈಲಿನಲ್ಲಿರುವ ಒಂದು ಛಾಯಾಚಿತ್ರ ಸಾಕು. ಆದರೆ ಅದು ಹೇಗೆ ಕಟ್ಟಲ್ಪಟ್ಟಿದೆಯೆಂಬುದನ್ನು ಮೊದಲು ತಿಳಿಯಬೇಕು. ಗಣಕಕ್ಕೆ ಚಿತ್ರವೆಂದರೆ ಅಂಕಿಗಳ ಉದ್ದನೆಯ ಸಾಲು. 1 ಕೋಟಿ 20 ಲಕ್ಷ ಚುಕ್ಕಿಗಳುಳ್ಳ ಚಿತ್ರಕ್ಕೆ, ಚುಕ್ಕಿಯೊಂದಕ್ಕೆ ಕೆಂಪು, ಹಸಿರು, ನೀಲಿಗಳ 3 ಅಂಕಿಗಳಂತೆ, 3 ಕೋಟಿ 60 ಲಕ್ಷ ಅಂಕಿಗಳನ್ನು ಬರೆದಿಡಬೇಕಾಗುತ್ತದೆ. ಇದು ವಿಪರೀತ ಭಾರವಾದುದರಿಂದ, 1992ರಲ್ಲಿ ಮಾನ್ಯತೆ ಪಡೆದ ಜೆಪೆಗ್ ಪದ್ಧತಿ ಬೇರೊಂದು ಉಪಾಯವನ್ನು ಹಿಡಿಯಿತು: ಚಿತ್ರವನ್ನು ಅಡ್ಡಕ್ಕೆ 8, ಉದ್ದಕ್ಕೆ 8 ಚುಕ್ಕಿಗಳ ಪುಟ್ಟ ಚೌಕಗಳಾಗಿ ವಿಭಾಗಿಸಿ, ಒಂದೊಂದು ಚೌಕವನ್ನೂ ಮಂದ ಹಾಗೂ ತೀವ್ರ ತರಂಗಗಳ ಮಿಶ್ರಣವೆಂದು ಗಣಿಸಿ, ಕಣ್ಣು ಲಕ್ಷಿಸದ ಸೂಕ್ಷ್ಮಾಂಶಗಳನ್ನು ಕೈಬಿಟ್ಟು, ಉಳಿದುದನ್ನು ಸಂಕ್ಷೇಪವಾಗಿ ಬರೆದಿಡುವುದು. ಇದಕ್ಕೆ ಆಧಾರವಾದ ಗಣಿತವನ್ನು 1974ರಲ್ಲಿ ಪ್ರಕಟಿಸಿದ ಮೂವರಲ್ಲಿ ಮೊದಲಿಗರಾದ ನಾಸಿರ್ ಅಹ್ಮದ್ ಅವರು ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿಯ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕಕ್ಕೆ ತೆರಳಿ ಪ್ರಾಧ್ಯಾಪಕರಾದವರು; ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರ ಸಹಲೇಖಕರು. ಲೋಕವೆಲ್ಲ ದಿನನಿತ್ಯ ವಿನಿಮಯ ಮಾಡಿಕೊಳ್ಳುವ ಚಿತ್ರಗಳ ಅಂತರಂಗದಲ್ಲಿ ನಮ್ಮ ನೆಲದಲ್ಲಿ ಓದಿದವರೊಬ್ಬರ ಚಿಂತನೆ ಕೆಲಸ ಮಾಡುತ್ತಿರುವುದು ಸ್ಮರಣೀಯವಾದ ಸಂಗತಿ.

ಇನ್ನು ಪ್ರಯೋಗ. ಕಲಿಯಲೆಳಸುವವರು ಮೊದಲು ಚಿತ್ರದ ಒಂದು ಪ್ರತಿಯನ್ನು ಮಾಡಿಕೊಳ್ಳಬೇಕು, ಮೂಲವನ್ನು ಮುಟ್ಟಕೂಡದು. ಆ ಪ್ರತಿಯನ್ನು ಹೆಕ್ಸ್ ಎಡಿಟರ್ ಎಂಬ, ಉಚಿತವಾಗಿಯೇ ದೊರೆಯುವ ತಂತ್ರಾಂಶದಲ್ಲಿ ತೆರೆದರೆ, ಜೋಡಿಜೋಡಿಯಾಗಿ ನಿಂತ ಅಂಕಿ ಅಕ್ಷರಗಳ ಸಾಲುಗಳು ಕಾಣುತ್ತವೆ. ಜೆಪೆಗ್ ಚಿತ್ರವಾದರೆ ಆ ಸಾಲು ‘ಎಫ್ಎಫ್ ಡಿ8’ ಎಂದು ಆರಂಭವಾಗಿ ‘ಎಫ್ಎಫ್ ಡಿ9’ ಎಂದು ಮುಗಿಯುತ್ತದೆ. ಆದಿಭಾಗದಲ್ಲಿ ಚಿತ್ರದ ಅಗಲ, ಎತ್ತರ, ಅದನ್ನು ಬಿಡಿಸಿ ಓದುವ ಕೋಷ್ಟಕಗಳು ಇರುವುದರಿಂದ ಅಲ್ಲಿ ಕೈಯಿಟ್ಟರೆ ಚಿತ್ರ ತೆರೆಯದೆಯೇ ಹೋಗಬಹುದು. ಅದನ್ನು ದಾಟಿ, ನಡುವಿನಲ್ಲೆಲ್ಲಿಯಾದರೂ ಒಂದೆರಡು ಜೋಡಿಗಳನ್ನು ಬದಲಿಸಿ, ಸೇವ್ ಮಾಡಿ, ಮತ್ತೆ ಚಿತ್ರವಾಗಿ ತೆರೆದು ನೋಡಿರಿ. ಸಾಮಾನ್ಯವಾಗಿ ಆ ಸ್ಥಾನದವರೆಗೆ ಎಲ್ಲವೂ ಎಂದಿನಂತಿದ್ದು, ಅಲ್ಲಿಂದ ಕೆಳಗೆ ಬಣ್ಣವು ನೇರಿಳೆಗೋ ಹಸಿರಿಗೋ ತಿರುಗಿ, ಚಿತ್ರವು ಪಟ್ಟೆಪಟ್ಟೆಯಾಗಿ ಪಕ್ಕಕ್ಕೆ ಜರುಗಿರುತ್ತದೆ. ಒಂದೆರಡು ಅಂಕಿಗಳಿಂದ ಇಷ್ಟು ದೊಡ್ಡ ಪಲ್ಲಟವೇಕೆ? ಜೆಪೆಗ್ ಪ್ರತಿಯೊಂದು ಚೌಕದ ಸರಾಸರಿ ಬೆಳಕನ್ನೂ ಬಣ್ಣವನ್ನೂ ಸ್ವತಂತ್ರವಾಗಿ ಬರೆಯದೆ, ಹಿಂದಿನ ಚೌಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂದಷ್ಟೇ ಬರೆಯುತ್ತದೆ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಒಂದು ಪುಟದ ಮೊತ್ತ ತಪ್ಪಿದರೆ ಮುಂದಿನ ಪುಟಗಳೆಲ್ಲಕ್ಕೂ ಆ ತಪ್ಪು ಹರಿದುಬರುವಂತೆ, ಇಲ್ಲಿಯೂ ಒಂದು ಚೌಕದ ದೋಷ ಅದರ ಅನಂತರ ಬರುವ ಚೌಕಗಳಿಗೆಲ್ಲ ಸಂಕ್ರಮಿಸುತ್ತದೆ.

ಬೇರೆ ಪದ್ಧತಿಗಳಲ್ಲಿ ಇದೇ ದೋಷಕ್ಕೆ ಬೇರೆಯೇ ಫಲ. ಬಿಎಂಪಿ ಪದ್ಧತಿಯಲ್ಲಿ ಪ್ರತಿ ಚುಕ್ಕಿಯ ಬಣ್ಣವನ್ನೂ ಪ್ರತ್ಯೇಕವಾಗಿ ಬರೆದಿಡುವುದರಿಂದ ಒಂದು ಅಂಕಿ ಕೆಟ್ಟರೆ ಒಂದೇ ಚುಕ್ಕಿ ಕೆಡುತ್ತದೆ. ಅಂಥ ಚಿತ್ರವನ್ನು ಅಡಾಸಿಟಿಯಂಥ ಧ್ವನಿಸಂಪಾದನೆಯ ತಂತ್ರಾಂಶದಲ್ಲಿ ತೆರೆದು ಪ್ರತಿಧ್ವನಿಯನ್ನು ಸೇರಿಸಿದರೆ, ಮುಖವೊಂದರ ಛಾಯೆ ಅದೇ ಚಿತ್ರದಲ್ಲಿ ಮತ್ತೆ ಮತ್ತೆ ಮಸುಕಾಗಿ ಮರುಕಳಿಸುತ್ತದೆ. ಪಿಎನ್‌ಜಿ ಪದ್ಧತಿಯಾದರೋ ತನ್ನೊಳಗೇ ತಾಳೆ ನೋಡುವ ಅಂಕಿಗಳನ್ನು ಇರಿಸಿಕೊಂಡಿರುವುದರಿಂದ, ಅಲ್ಪಸ್ವಲ್ಪ ಕೆಟ್ಟರೂ ಅನೇಕ ವೇಳೆ ಚಿತ್ರ ತೆರೆಯಲೊಲ್ಲದು. ಡಚ್ ಕಲಾವಿದೆ ರೋಸಾ ಮೆಂಕ್ಮನ್ ಅವರು 2010ರಲ್ಲಿ ತಮ್ಮದೇ ಮುಖದ ಚಿತ್ರವನ್ನು ಹಲವು ಪದ್ಧತಿಗಳಲ್ಲಿ ಉಳಿಸಿ, ಒಂದೊಂದರಲ್ಲಿಯೂ ದೋಷವನ್ನು ಹೊಗಿಸಿ, ಆ ಭಗ್ನಮುಖಗಳನ್ನು ಸಾಲಾಗಿ ಜೋಡಿಸಿ ತೋರಿಸಿದ ಕೃತಿ ಈ ಕ್ಷೇತ್ರದ ಪಾಠಪುಸ್ತಕವೆನ್ನಬಹುದು. ಎಲ್ಲವೂ ಸರಿಯಿದ್ದಾಗ ಒಂದೇ ಮುಖವಾಗಿ ತೋರುತ್ತಿದ್ದುದರ ಹಿಂದೆ ಎಷ್ಟು ಭಿನ್ನವಾದ ಕಟ್ಟಡಗಳಿವೆಯೆಂಬುದು ಅಲ್ಲಿ ಪ್ರತ್ಯಕ್ಷವಾಗುತ್ತದೆ.

ಕೆಟ್ಟುದೆಲ್ಲವೂ ಕಲೆಯಾದೀತೆ ಎಂದು ಕೇಳುವವರುಂಟು, ಆಗದು. ಯಾದೃಚ್ಛಿಕವಾಗಿ ಒದಗಿದ ಹತ್ತಾರು ಭಂಗಗಳಲ್ಲಿ, ಚಿತ್ರದ ವಸ್ತುವಿಗೆ ಒಂದು ಹೊಸ ಅರ್ಥವನ್ನು ಕೊಡುವ ಭಂಗವಾವುದು, ಬರಿಯ ಗೊಂದಲವಾವುದು ಎಂದು ವಿವೇಚಿಸಿ ಆಯ್ದುಕೊಳ್ಳುವಲ್ಲಿ ಕಲಾವಿದನ ಸಂಸ್ಕಾರ ವ್ಯಕ್ತವಾಗುತ್ತದೆ. ಒಂದು ಗುಂಡಿ ಒತ್ತಿದರೆ ಸಿದ್ಧ ಗೆರೆಗಳನ್ನೂ ಬಣ್ಣದ ಅಂಚುಗಳನ್ನೂ ಮೆತ್ತಿಕೊಡುವ ಆ್ಯಪ್‌ಗಳು ಇಂದು ಬೇಕಾದಷ್ಟಿವೆ. ಅವು ಕಣ್ಣಿಗೆ ಸೊಗಸಾಗಿದ್ದರೂ, ಅಲ್ಲಿ ಒಡೆದುದು ಯಾವುದೂ ಇಲ್ಲವಾದ ಕಾರಣ ತಿಳಿಯುವುದೂ ಏನೂ ಇಲ್ಲ. ಸ್ವಹಸ್ತದಿಂದ ಒಂದು ಚಿತ್ರವನ್ನು ಭಂಗಗೊಳಿಸಿ ಕಾರಣವನ್ನು ಹುಡುಕಿದವನಾದರೋ ತೆರೆಯ ಮೇಲಿನ ಯಾವ ಚಿತ್ರವನ್ನೂ ಇನ್ನು ಕಣ್ಣುಮುಚ್ಚಿ ನಂಬಲಾರ. ಇದನ್ನು ಯಾರೋ, ಯಾವುದೋ ನಿಯಮದಂತೆ ಕಟ್ಟಿದ್ದಾರೆಂಬ ಎಚ್ಚರ ಅವನಲ್ಲಿ ನೆಲೆಯಾಗಿರುತ್ತದೆ. ಕೃತಕ ಚಿತ್ರಗಳು ಸತ್ಯದ ವೇಷದಲ್ಲಿ ಸುಳಿದಾಡುವ ಈ ದಿನಗಳಲ್ಲಿ ಅಂಥ ಎಚ್ಚರ ಬಾಲ್ಯದಲ್ಲಿಯೇ ಮೂಡುವುದು ಒಳ್ಳೆಯದು. ಕೆಡಿಸಿ ಕಲಿಯಲು ಅವಕಾಶವುಳ್ಳ ವಿದ್ಯೆಗಳು ವಿರಳ. ಇಲ್ಲಿಯಾದರೆ ಕೆಡುವುದು ಪ್ರತಿ ಮಾತ್ರ, ಖರ್ಚು ಏನೂ ಇಲ್ಲ. ನಮ್ಮ ಶಾಲೆಗಳಲ್ಲಿ ಚಿತ್ರಕಲೆಯ ಉಪಾಧ್ಯಾಯರೂ ಗಣಕಯಂತ್ರದ ಉಪಾಧ್ಯಾಯರೂ ಒಂದು ಮಧ್ಯಾಹ್ನ ಒಟ್ಟಿಗೆ ಕುಳಿತು ಮಕ್ಕಳಿಂದ ಈ ಪ್ರಯೋಗವನ್ನು ಮಾಡಿಸಿದರೆ, ಎರಡು ಪಾಠಗಳೂ ಒಂದರಿಂದೊಂದು ಬೆಳಗುವುವು.