ನಿಮಗಿದು ಗೊತ್ತೇ? ಇಂಗ್ಲೆಂಡಿನ ಹಳ್ಳಿದಾರಿಯಲ್ಲಿ ಒಂಟಿ ಸೈಕಲ್!

ಜೂನ್ ತಿಂಗಳಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ಬೆಳಗಿನ ನಾಲ್ಕೂವರೆ ಹೊತ್ತಿಗೆಲ್ಲ ಸೂರ್ಯ ಹಾಜರ್. ಮುಳುಗುವುದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ! ಒಬ್ಬರೇ ಸೈಕಲ್ ಏರಿ ದೂರ ಹೊರಟವರ ಕೈಯಲ್ಲಿ ಹದಿನೇಳು ಗಂಟೆ ಬೆಳಕು. ಕಾಲು ಸೋತೀತು, ಹಗಲು ಸೋಲುವುದಿಲ್ಲ!

ಪಶ್ಚಿಮ ಕರಾವಳಿಯ ವೈಟ್‌ಹೇವನ್‌ನಿಂದ ಪೂರ್ವ ಕರಾವಳಿಯ ಸಂಡರ್‌ಲ್ಯಾಂಡ್‌ವರೆಗೆ ಒಂದು ಹೆಸರಾಂತ ಸೈಕಲ್ ದಾರಿಯಿದೆ. ಉದ್ದ ಸುಮಾರು 225 ಕಿ.ಮೀ. ಹೊರಡುವ ಮುನ್ನ ಹಿಂದಿನ ಚಕ್ರವನ್ನು ಐರಿಶ್ ಸಮುದ್ರದಲ್ಲಿ ಅದ್ದಬೇಕು. ಮುಟ್ಟಿದ ಮೇಲೆ ಮುಂದಿನ ಚಕ್ರವನ್ನು ಉತ್ತರ ಸಮುದ್ರದಲ್ಲಿ! ಸೈಕಲ್ಲಿಗೂ ತೀರ್ಥಸ್ನಾನ ನೋಡಿ!

ಕಂಬ್ರಿಯಾದ ಹಾರ್ಡ್‌ನಾಟ್ ಘಾಟಿ ಕೇಳಿದ್ದೀರಾ? ಕೆಲವು ಕಡೆ ಮೂರಡಿ ಮುಂದೆ ಹೋದರೆ ಒಂದಡಿ ಮೇಲೆ! ಇಳಿದು ತಳ್ಳಿದರೆ ಯಾರೂ ನಗುವುದಿಲ್ಲ. ಪಕ್ಕದಲ್ಲೇ ರೋಮನ್ ಸೈನಿಕರ ಕೋಟೆಯ ಗೋಡೆಗಳಿವೆ. ಪಾಪ, ಅವರೂ ಏದುಸಿರು ಬಿಟ್ಟೇ ಹತ್ತಿರಬೇಕು!

ಹತ್ತಿದ್ದನ್ನು ಇಳಿಯಬೇಕಲ್ಲ? ‘ಈ ಇಳಿಜಾರು ಅಪಾಯ’ ಎಂದು ಇಂಗ್ಲೆಂಡಿನ ರಸ್ತೆಗಳಲ್ಲಿ ಮೊದಮೊದಲು ಫಲಕ ನೆಟ್ಟವರು ಯಾರು ಗೊತ್ತೇ? ಸರ್ಕಾರವಲ್ಲ, ಸೈಕಲ್ ಸಂಘದವರು! ಅಂಥ ಸಂಘಗಳಲ್ಲೊಂದು 1878ರಲ್ಲಿ ಹ್ಯಾರೊಗೇಟ್‌ನಲ್ಲಿ ಹುಟ್ಟಿದ ಬೈಸಿಕಲ್ ಟೂರಿಂಗ್ ಕ್ಲಬ್. ಆಗಿನ್ನೂ ಆ ರಸ್ತೆಗಳಿಗೆ ಮೋಟಾರು ಕಾರೇ ಬಂದಿರಲಿಲ್ಲ!

ಇನ್ನು ಊಟದ ಹೊತ್ತು. 1898ರಲ್ಲಿ ಲೇಡಿ ಹಾರ್ಬರ್ಟನ್ ಎಂಬಾಕೆ ಒಬ್ಬರೇ ಸೈಕಲ್ ತುಳಿಯುತ್ತಾ ಸರ್ರೆ ಸೀಮೆಯ ಆಕಮ್ ಹಳ್ಳಿಯ ಹೋಟೆಲ್ಲಿಗೆ ಬಂದರು. ತೊಟ್ಟಿದ್ದು ಉದ್ದ ಲಂಗವಲ್ಲ, ಮೊಣಕಾಲಿನ ಕೆಳಗೆ ಬಿಗಿದು ಕಟ್ಟುವ ದೊಗಳೆ ಚಲ್ಲಣ. ಒಡತಿ ತಲೆಯಿಂದ ಕಾಲಿನವರೆಗೆ ನೋಡಿದವಳೇ, ಈ ವೇಷದಲ್ಲಿ ಕಾಫಿ ಕೋಣೆಗೆ ಬಿಡೆನೆಂದಳು. ಬೇಕಿದ್ದರೆ ಗಂಡಸರು ಕುಡಿಯುವ ಬಾರಿನ ಪಕ್ಕದ ಕೋಣೆಯಲ್ಲಿ ಕೂರಬಹುದಿತ್ತು! ಸೈಕಲ್ ಸಂಘ ಲೇಡಿಯ ಬೆನ್ನಿಗೆ ನಿಂತಿತು, ವಿಷಯ ಕೋರ್ಟಿಗೆ ಹೋಯಿತು. ಗೆದ್ದಿದ್ದು ಯಾರು? ಒಡತಿ! ಊಟ ಇಲ್ಲವೆಂದಿಲ್ಲ, ಬೇರೆ ಕೋಣೆ ತೋರಿಸಿದ್ದಾಳೆ ಅಷ್ಟೇ ಎಂಬುದು ವಾದ. ಒಂದು ಚಲ್ಲಣಕ್ಕೆ ಇಷ್ಟೆಲ್ಲ ರಾದ್ಧಾಂತ!

ದನಕುರಿ ದಾಟದಂತೆ ಹಳ್ಳಿರಸ್ತೆಗೆ ಅಡ್ಡಲಾಗಿ ಗುಂಡಿ ತೋಡಿ, ಮೇಲೆ ಕಬ್ಬಿಣದ ಸರಳು ಹಾಸಿರುತ್ತಾರೆ. ಸೈಕಲ್ ಹಾದರೆ ಹಲ್ಲೆಲ್ಲ ಕಟಕಟ! ಇಳಿದು ಸರಳಿನ ಸಂದಿಯಲ್ಲಿ ಬಗ್ಗಿ ನೋಡಿ. ಕೆಲವು ಗುಂಡಿಗಳ ಒಂದು ಬದಿಯಲ್ಲಿ ಪುಟ್ಟದೊಂದು ಇಳಿಜಾರು ಹಲಗೆ ಕಾಣುತ್ತದೆ. ಅದು ಯಾರಿಗೆ? ಒಳಗೆ ಬಿದ್ದ ಹೆಡ್ಜ್‌ಹಾಗ್‌ಗೆ! ಮೈತುಂಬ ಮುಳ್ಳಿನ, ಅಂಗೈಗಿಂತ ತುಸು ದೊಡ್ಡ ಪ್ರಾಣಿ ಅದು. ಹಾಗೆ ಬಿದ್ದಿದ್ದ ಒಂದನ್ನು ಎತ್ತಿದ ಮೇಜರ್ ಏಡ್ರಿಯನ್ ಕೋಲ್ಸ್ ಸುಮ್ಮನಾಗಲಿಲ್ಲ. 1982ರಲ್ಲಿ ಹೆಡ್ಜ್‌ಹಾಗ್ ರಕ್ಷಣೆಗೇ ಒಂದು ಸಂಘ ಕಟ್ಟಿಬಿಟ್ಟರು!

ರಸ್ತೆಬದಿಯ ಗಿಡಬೇಲಿಯ ವಯಸ್ಸು ಹೇಳಬಲ್ಲಿರಾ? ಮೂವತ್ತು ಗಜ ಅಳೆದು, ಅದರಲ್ಲಿ ಎಷ್ಟು ಜಾತಿಯ ಮರ, ಪೊದೆಗಳಿವೆ ಎಣಿಸಿ. ಒಂದು ಜಾತಿಗೆ ನೂರು ವರ್ಷ! ಮ್ಯಾಕ್ಸ್ ಹೂಪರ್ ಎಂಬ ವಿಜ್ಞಾನಿಯ ಲೆಕ್ಕವಿದು. ಕರಾರುವಾಕ್ಕಲ್ಲ, ಅಂದಾಜಿಗೆ ಸಾಕು. ಪಂಕ್ಚರ್ ಹಾಕುವಾಗ ಒಳ್ಳೇ ಕಾಲಕ್ಷೇಪ!

ಬಾತ್ ಪಟ್ಟಣದ ಬಳಿ ರೈಲಿಗೆಂದು ಕೊರೆದ ಕೂಂಬ್ ಡೌನ್ ಸುರಂಗವಿದೆ. ಉದ್ದ 1,672 ಮೀಟರ್. 1966ರಲ್ಲಿ ರೈಲು ನಿಂತಿತು, 2013ರಿಂದ ಸೈಕಲ್ಲಿನದೇ ರಾಜ್ಯಭಾರ! ನಡುಸುರಂಗದಲ್ಲಿ ಬಣ್ಣದ ದೀಪ, ಸಂಗೀತ ಬೇರೆ!

ಒಂದು ದಿನ ತುಳಿದರೇ ಸುಸ್ತೇ? ಹಾಗಾದರೆ ಟಾಮಿ ಗಾಡ್ವಿನ್ ಕಥೆ ಕೇಳಿ. ಸ್ಟೋಕ್ ಆನ್ ಟ್ರೆಂಟ್‌ನವರು. 1939ರ ಒಂದೇ ವರ್ಷದಲ್ಲಿ ತುಳಿದದ್ದು 75,065 ಮೈಲಿ, ಅಂದರೆ 1,20,805 ಕಿ.ಮೀ! ದಿನದ ಸರಾಸರಿ 331 ಕಿ.ಮೀ! ವರ್ಷದ ನಡುವೆ ಮಹಾಯುದ್ಧ ಶುರುವಾಯಿತು. ವಿಮಾನದಾಳಿಯ ಭಯಕ್ಕೆ ಊರೆಲ್ಲ ಕತ್ತಲೆ. ಇವರು ಸೈಕಲ್ ದೀಪಕ್ಕೆ ಪಟ್ಟಿ ಅಂಟಿಸಿಕೊಂಡು ಮುಂದುವರಿದರು. ಹೊಸ ವರ್ಷ ಬಂತು, ನಿಲ್ಲಿಸಿದರೇ? ಎಲ್ಲಿಯ ಮಾತು! ಲಕ್ಷ ಮೈಲಿ ಆಗಲೆಂದು 1940ರ ಮೇ ತನಕ ತುಳಿದರು. ಇಳಿದ ಮೇಲೆ ನಡೆಯುವುದನ್ನೇ ಮತ್ತೆ ರೂಢಿ ಮಾಡಿಕೊಳ್ಳಬೇಕಾಯಿತಂತೆ! ಅಂದಹಾಗೆ, ಇವರು ಶುದ್ಧ ಸಸ್ಯಾಹಾರಿ!

ಅದಕ್ಕೂ ಹಿಂದಿನ ವರ್ಷ, 1938ರಲ್ಲಿ, ಬಿಲ್ಲಿ ಫ್ಲೆಮಿಂಗ್ ಎಂಬ ತರುಣಿ ಒಂದು ದಿನವೂ ತಪ್ಪಿಸದೆ ತುಳಿದು 47,600 ಕಿ.ಮೀ. ದಾಟಿದ್ದರು. ಬದುಕಿದ್ದು ನೂರು ವರ್ಷ!

ಸಂಜೆ ಗುಡಾರ ಹಾಕೋಣವೇ? ನಿಲ್ಲಿ! ಇಂಗ್ಲೆಂಡಿನಲ್ಲಿ ಬಹುಪಾಲು ಕಡೆ ಜಮೀನಿನ ಒಡೆಯರ ಒಪ್ಪಿಗೆ ಬೇಕು. ಡಾರ್ಟ್‌ಮೂರ್ ಬಯಲು ಮಾತ್ರ ಬೇರೆ. ಅಲ್ಲಿ ಗುಡಾರ ಹಾಕುವುದು ಜನರ ಹಕ್ಕು ಎಂದು 2025ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ!

ಪಬ್ಬಿಗೆ ಹೋಗುವವರು ಇದನ್ನೂ ಕೇಳಿಸಿಕೊಳ್ಳಿ. ರಸ್ತೆಯಲ್ಲಿ ಗಾಡಿ, ಕುದುರೆ, ದನ ಅಥವಾ ಉಗಿಯಂತ್ರ ನಡೆಸುವವರು ಕುಡಿದಿರಬಾರದು ಎಂದು 1872ರ ಕಾನೂನು. ಸರಿ, ಸೈಕಲ್ ಇದರಲ್ಲಿಲ್ಲವಲ್ಲ? 1950ರಲ್ಲಿ ಡೆವನ್ ಸೀಮೆಯ ಇಲ್ಫ್ರಾಕೂಂಬ್‌ನಲ್ಲಿ ಸಿಕ್ಕಿಬಿದ್ದವನ ಪರವಾಗಿ ಮಂಡಿಸಿದ ವಾದವೂ ಅದೇ. ಅವನು ಸವಾರಿಯನ್ನೂ ಮಾಡಿರಲಿಲ್ಲ, ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಅಷ್ಟೇ. ಸೈಕಲ್ಲೂ ಗಾಡಿಯೇ, ತಳ್ಳಿದರೂ ನಡೆಸಿದಂತೆಯೇ ಎಂದಿತು ನ್ಯಾಯಾಲಯ. ಒಂದು ತಿಂಗಳು ಜೈಲು!