ಮನೆ ವೈರಿಂಗ್: ಪರ್ಮಿಟ್ ಯಾರಿಗೆ, ಸಹಿ ಯಾರದು?

ತೀರ್ಥಹಳ್ಳಿಯಲ್ಲೋ ಹುಣಸೂರಿನಲ್ಲೋ ಹೊಸ ಮನೆ ಕಟ್ಟಿಸುವವರು ವೈರಿಂಗ್ ಕೆಲಸವನ್ನು ಎಷ್ಟೋ ಸಲ ಪರಿಚಯದ ಹುಡುಗನಿಗೇ ಒಪ್ಪಿಸಿಬಿಡುತ್ತಾರೆ. ಲೈಸೆನ್ಸ್ ಇರುವ ಕಂಟ್ರಾಕ್ಟರ್ ನೆನಪಾಗುವುದು ಮೀಟರ್‌ಗೆ ಅರ್ಜಿ ಹಾಕುವಾಗ. ಅಷ್ಟರಲ್ಲಿ ಪೈಪು ಗೋಡೆಯೊಳಗೆ ಸೇರಿ, ಪ್ಲಾಸ್ಟರ್ ಮುಗಿದು, ಬಣ್ಣವೂ ಆಗಿರುತ್ತದೆ. ಒಳಗೇನಿದೆ ಎಂದು ನೋಡದವರಿಂದ ಸಹಿ ಹಾಕಿಸಿಕೊಳ್ಳುವ ಪರಿಸ್ಥಿತಿ ಬರುವುದು ಹೀಗೆ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. 2010ರ ನಿಯಮಾವಳಿಯ ಜಾಗಕ್ಕೆ ಈಗ 2023ರದು ಬಂದಿದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದ ಹಾಗೆಯೇ ಬದಲಿಸುವುದಕ್ಕೆ ವಿನಾಯಿತಿ ಇದೆ. ಗೀಸರ್‌ಗೆ ಹೊಸ ಲೈನ್ ಎಳೆಯುವುದು, ಮಹಡಿಗೆ ಹೊಸ ಸರ್ಕ್ಯೂಟ್ ಕೊಡುವುದು ಈ ವಿನಾಯಿತಿಗೆ ಸೇರುವುದಿಲ್ಲ.

ಅಂಥ ಕೆಲಸಕ್ಕೆ ಮೂವರು ಬೇಕು. ಕೆಲಸ ವಹಿಸಿಕೊಳ್ಳುವ ಕಂಟ್ರಾಕ್ಟರ್‌ಗೆ ಲೈಸೆನ್ಸ್ ಇರಬೇಕು. ಮೇಲ್ವಿಚಾರಣೆ ಮಾಡುವ ಸೂಪರ್‌ವೈಸರ್‌ಗೆ ಅರ್ಹತಾ ಪತ್ರ, ಕೈಯಿಂದ ಕೆಲಸ ಮಾಡುವ ವೈರ್‌ಮನ್‌ಗೆ ಪರ್ಮಿಟ್ ಇರಬೇಕು. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ; ಮೆಸ್ಕಾಂ, ಹೆಸ್ಕಾಂನಂಥ ವಿದ್ಯುತ್ ಕಂಪನಿಗಳಲ್ಲ.

ಗೊಂದಲ ಆಗುವುದು ಇಲ್ಲೇ. ಐಟಿಐ ಸರ್ಟಿಫಿಕೇಟ್ ವಿದ್ಯಾರ್ಹತೆಯೇ ಹೊರತು ಪರ್ಮಿಟ್ ಅಲ್ಲ. ಪಟ್ಟಣ ಪಂಚಾಯಿತಿಯ ಉದ್ದಿಮೆ ಪರವಾನಗಿಯಿಂದ ಎಲೆಕ್ಟ್ರಿಕಲ್ ಅಂಗಡಿ ನಡೆಸಬಹುದು; ಅದನ್ನು ತೋರಿಸಿ ವೈರಿಂಗ್ ಗುತ್ತಿಗೆ ಹಿಡಿಯುವಂತಿಲ್ಲ. ಕಂಬ ಹತ್ತುವ ಲೈನ್‌ಮನ್ ಕಂಪನಿಯ ನೌಕರ. ಮೀಟರ್‌ನಿಂದಾಚೆ, ಮನೆಯೊಳಗಿನ ವೈರಿಂಗ್ ಅವರ ಕೆಲಸವಲ್ಲ.

ವೈರಿಂಗ್ ಮುಗಿದ ಮೇಲೆ ಕಂಟ್ರಾಕ್ಟರ್ ಕಂಪ್ಲೀಷನ್ ರಿಪೋರ್ಟ್‌ಗೆ ಸಹಿ ಹಾಕುತ್ತಾರೆ. ಸೆಕ್ಷನ್ ಆಫೀಸಿನವರು ಅದನ್ನು ನೋಡಿ, ಪರಿಶೀಲಿಸಿ, ಮೀಟರ್ ಕೂರಿಸಿ ಆರ್‌ಆರ್ ನಂಬರ್ ಕೊಡುತ್ತಾರೆ. 'ಪರೀಕ್ಷೆ ಮಾಡಿದ್ದೇನೆ, ಸುರಕ್ಷಿತವಾಗಿದೆ' ಎಂಬುದು ಆ ಸಹಿಯ ಅರ್ಥ. ಆದ್ದರಿಂದ ಪರೀಕ್ಷೆ ನಿಮ್ಮೆದುರೇ ನಡೆಯಲಿ.

ಅದರ ಕ್ರಮ ಸರಳ. ಮೇನ್ ಆಫ್ ಮಾಡಿ, ಬಲ್ಬು ಮತ್ತು ಉಪಕರಣಗಳನ್ನು ಬಿಚ್ಚಿಟ್ಟು, ಸ್ವಿಚ್ಚುಗಳನ್ನೆಲ್ಲ ಆನ್ ಮಾಡುತ್ತಾರೆ. ಇನ್ಸುಲೇಷನ್ ಅಳೆಯುವ ಮೆಗ್ಗರ್‌ನ ಒಂದು ತುದಿಯನ್ನು ಫೇಸ್ ವೈರಿಗೆ, ಇನ್ನೊಂದನ್ನು ಅರ್ಥಿಂಗ್‌ಗೆ ಹಿಡಿದು 500 ವೋಲ್ಟ್ ಡಿಸಿಯನ್ನು ಒಂದು ನಿಮಿಷ ಹಾಯಿಸುತ್ತಾರೆ. ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಅದಕ್ಕಿಂತ ಕಡಿಮೆ ಬಂದರೆ ಎಲ್ಲೋ ವೈರಿನ ಸಿಪ್ಪೆ ಕಿತ್ತಿರಬಹುದು, ಇಲ್ಲವೇ ಪೈಪಿಗೆ ನೀರು ಸೇರಿರಬಹುದು. ಮಳೆಗಾಲದಲ್ಲಿ ಕಟ್ಟಿದ ಮಲೆನಾಡಿನ ಮನೆಗಳಲ್ಲಿ ಈ ಎರಡನೆಯದನ್ನು ಮೊದಲು ನೋಡಬೇಕು. ಬಳಿಕ ಮನೆಗೆ ಕರೆಂಟ್ ಕೊಟ್ಟಾಗ ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿಯ 'ಟೆಸ್ಟ್' ಗುಂಡಿ ಒತ್ತಿ ನೋಡಿ. ತಟ್ಟನೆ ಟ್ರಿಪ್ ಆಗಬೇಕು. ಮನೆಗೆ ಹಾಕಿಸುವುದಾದರೆ 30 ಮಿಲಿಆಂಪಿಯರ್‌ನದೇ ಇರಲಿ.

ಗುತ್ತಿಗೆ ಮಾತಾಡುವಾಗಲೇ ಲೈಸೆನ್ಸ್ ತೋರಿಸಲು ಹೇಳಿ. ಹೆಸರು, ದರ್ಜೆ, ಅವಧಿ ನೋಡಿ. ನವೀಕರಣ ಆಗದ ಲೈಸೆನ್ಸ್ ಉಪಯೋಗಕ್ಕೆ ಬಾರದು. ವೈರ್‌ಮನ್ ಪರ್ಮಿಟ್ಟನ್ನೂ ಕೇಳಿ. ವೈರಿಂಗ್ ನಕ್ಷೆ ಮತ್ತು ರಿಪೋರ್ಟ್‌ನ ಒಂದೊಂದು ಪ್ರತಿ ಇಟ್ಟುಕೊಂಡರೆ ಮುಂದೆ ಗೋಡೆ ಕೊರೆಯುವವರಿಗೂ ಅನುಕೂಲ.

ಊರಿನ ಹುಡುಗನಿಗೆ ಕೆಲಸ ಕೊಡಬೇಡಿ ಎಂದಲ್ಲ. ಪರ್ಮಿಟ್ ಮಾಡಿಸಿಕೊಳ್ಳಲು ಹೇಳಿ, ಲೈಸೆನ್ಸ್ ಇರುವವರ ಕೈಕೆಳಗೆ ಕೆಲಸ ಮಾಡಿಸಿ. ಸಹಿ ಹಾಕುವವರನ್ನು ಮಾತ್ರ ಮೀಟರ್ ಬರುವ ದಿನಕ್ಕಲ್ಲ, ಸ್ಲ್ಯಾಬಿಗೆ ಪೈಪು ಹಾಕುವ ದಿನಕ್ಕೇ ಕರೆಸಿ.