ನಾಯಿಗೆ ಲಕ್ವ ಹೊಡೆದಾಗ ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆ ಏಕೆ?

ಹೊಳವನಹಳ್ಳಿಯ ಸುತ್ತಲಿನ ಕುರಿಹಟ್ಟಿ, ತೋಟದ ಮನೆಗಳಿಗೆ ನಾಯಿಯೇ ಕಾವಲು. ರಾತ್ರಿ ಚೆನ್ನಾಗಿದ್ದ ನಾಯಿ ಬೆಳಿಗ್ಗೆ ತಲೆ ವಾರೆ ಮಾಡಿಕೊಂಡು ಒಂದೇ ದಿಕ್ಕಿಗೆ ಸುತ್ತುತ್ತಿದ್ದರೆ, ಒಂದು ಪಕ್ಕದ ಕಾಲುಗಳನ್ನು ಎಳೆಯುತ್ತಿದ್ದರೆ, ಅದಕ್ಕೆ ಲಕ್ವ ಹೊಡೆದಿದೆ ಎನ್ನುತ್ತೇವೆ. ಆದರೆ ಹುಚ್ಚುನಾಯಿ ರೋಗದಲ್ಲಿಯೂ ಕಾಲು ಸೋಲುತ್ತದೆ, ದವಡೆ ಜೋತುಬೀಳುತ್ತದೆ. ಆದ್ದರಿಂದ ಅಂತಹ ನಾಯಿಯ ಬಾಯಿಗೆ ಕೈ ಹಾಕಬಾರದು. ಕಚ್ಚಿದರೆ ಅಥವಾ ಗಾಯಕ್ಕೆ ಜೊಲ್ಲು ತಗುಲಿದರೆ 15 ನಿಮಿಷ ಸೋಪು ನೀರಿನಿಂದ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಲಕ್ವದಲ್ಲಿ ಎರಡು ಬಗೆ. ಮಿದುಳಿನ ರಕ್ತನಾಳವು ಹೆಪ್ಪಿನಿಂದ ಮುಚ್ಚಿಹೋಗುವುದು ಒಂದು. ರಕ್ತನಾಳದಿಂದ ರಕ್ತ ಸೋರುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಚಿಕಿತ್ಸೆ ಮಾತ್ರ ತದ್ವಿರುದ್ಧ. ಮನುಷ್ಯರಿಗೆ ಕೊಡುವ ಆಸ್ಪಿರಿನ್ ಮಾತ್ರೆಯನ್ನು ರಕ್ತಸ್ರಾವವಿರುವ ನಾಯಿಗೆ ಕೊಟ್ಟರೆ ಸ್ರಾವ ಹೆಚ್ಚುತ್ತದೆ. ಪರೀಕ್ಷೆಗೆ ಮೊದಲು ಅದನ್ನು ಕೊಡಲೇಬಾರದು.

ನಮ್ಮ ಭಾಗದಲ್ಲಿ ರಕ್ತಸ್ರಾವದ ಕಾರಣಗಳು ಹೊಲದಲ್ಲಿಯೇ ಇವೆ. ಬ್ರೋಮಾಡಿಯೋಲೋನ್ ಎಂಬ ಇಲಿ ಪಾಷಾಣವನ್ನು ತಿಂದ ನಾಯಿಯಲ್ಲಿ ಲಕ್ಷಣಗಳು ಸಾಮಾನ್ಯವಾಗಿ 3 ರಿಂದ 5 ದಿನಗಳ ನಂತರ ಕಾಣುತ್ತವೆ. ಅಷ್ಟರಲ್ಲಿ ಪಾಷಾಣ ಇಟ್ಟದ್ದೇ ಮನೆಯವರಿಗೆ ಮರೆತಿರುತ್ತದೆ. ಕೊಳಕುಮಂಡಲದ ಕಡಿತ ಮತ್ತು ಉಣ್ಣೆಯಿಂದ ಹರಡುವ ಎರ್ಲಿಕಿಯಾ ಸೋಂಕು ಉಳಿದೆರಡು. ಈ ಸೋಂಕಿನಲ್ಲಿ ರಕ್ತದ ಕಿರುತಟ್ಟೆಗಳು (ಪ್ಲೇಟ್‌ಲೆಟ್) ಕಡಿಮೆಯಾಗುತ್ತವೆ. ಆರೋಗ್ಯವಂತ ನಾಯಿಯಲ್ಲಿ ಇವು ಪ್ರತಿ ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 2 ರಿಂದ 5 ಲಕ್ಷ ಇರುತ್ತವೆ.

ಪಶು ಚಿಕಿತ್ಸಾಲಯದಲ್ಲಿ ಯಂತ್ರವಿಲ್ಲದೆ ಮಾಡಬಹುದಾದ ಪರೀಕ್ಷೆ ಒಂದಿದೆ. ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ 2 ಮಿ.ಲೀ. ರಕ್ತ ತೆಗೆದುಕೊಂಡು, ಅಲುಗಿಸದೆ 20 ನಿಮಿಷ ಇಟ್ಟು ಓರೆ ಮಾಡಿ ನೋಡಬೇಕು. ರಕ್ತ ಇನ್ನೂ ಹರಿದರೆ ಹೆಪ್ಪುಗಟ್ಟುವ ಶಕ್ತಿ ಕುಂದಿದೆ. ಪ್ಲಾಸ್ಟಿಕ್ ನಳಿಕೆ ಅಥವಾ ಸೋಪಿನ ಅಂಶ ಉಳಿದ ಗಾಜು ತಪ್ಪು ಫಲಿತಾಂಶ ಕೊಡುತ್ತದೆ. ಇದು ಒರಟು ಪರೀಕ್ಷೆ, ಸಣ್ಣ ದೋಷ ಇದಕ್ಕೆ ಸಿಗದು. ಪ್ರಯೋಗಾಲಯದ ಪ್ರೋಥ್ರಾಂಬಿನ್ ಸಮಯದ ಪರೀಕ್ಷೆಯು (ಪಿ.ಟಿ.) ಇಲಿ ಪಾಷಾಣದ ಪರಿಣಾಮವನ್ನು ಎಲ್ಲಕ್ಕಿಂತ ಮೊದಲು ತೋರಿಸುತ್ತದೆ. ಅದು ದೃಢಪಟ್ಟರೆ ವಿಟಮಿನ್ ಕೆ1 ಅನ್ನು ವಾರಗಟ್ಟಲೆ ಕೊಡಬೇಕಾಗುತ್ತದೆ. ಕೆ3 ಇಲ್ಲಿ ಪ್ರಯೋಜನಕ್ಕೆ ಬಾರದು. ಔಷಧ ನಿಲ್ಲಿಸಿದ 2-3 ದಿನಗಳ ನಂತರ ಪಿ.ಟಿ.ಯನ್ನು ಮತ್ತೆ ಮಾಡಿಸತಕ್ಕದ್ದು.

ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕಾದ ಒಂದು ಮಾತು: ಈ ಪರೀಕ್ಷೆಗಳು ಸಹಜವಾಗಿ ಬಂದ ಮಾತ್ರಕ್ಕೆ ಲಕ್ವವಲ್ಲ ಎನ್ನಲಾಗದು. ರಕ್ತ ಹೆಪ್ಪುಗಟ್ಟಲು ತಡವಾಗುವುದನ್ನು ಇವು ಹೇಳುತ್ತವೆಯೇ ಹೊರತು ಅತಿಯಾಗಿ ಹೆಪ್ಪುಗಟ್ಟುವುದನ್ನಲ್ಲ. ಮೂತ್ರದಲ್ಲಿ ಪ್ರೋಟೀನ್ ಸೋರುವ ಮೂತ್ರಪಿಂಡದ ರೋಗವಿದ್ದರೆ ಹೆಪ್ಪು ಅತಿಯಾಗಬಹುದು. ಅದಕ್ಕೆ ಮೂತ್ರ ಪರೀಕ್ಷೆ, ರಕ್ತದೊತ್ತಡದ ಮಾಪನ ಬೇಕು.

ಪಿ.ಟಿ.ಗೆ ಮಾದರಿ ಕಳುಹಿಸುವಾಗ ನೀಲಿ ಮುಚ್ಚಳದ ಸಿಟ್ರೇಟ್ ನಳಿಕೆಯನ್ನು ಗೆರೆಯವರೆಗೆ ಸರಿಯಾಗಿ ತುಂಬಿಸಿ. ಒಂದು ಪಾಲು ಸಿಟ್ರೇಟಿಗೆ ಒಂಬತ್ತು ಪಾಲು ರಕ್ತ. ರಕ್ತಸ್ರಾವದ ಸಂಶಯವಿದ್ದರೆ ಕುತ್ತಿಗೆಯ ದೊಡ್ಡ ಅಭಿಧಮನಿಯನ್ನು ಚುಚ್ಚದೆ ಕಾಲಿನಿಂದ ತೆಗೆದು, ಐದು ನಿಮಿಷ ಒತ್ತಿ ಹಿಡಿಯಿರಿ.